ಬಿಸಿಲಿಗೆ ಕಿಟಕಿ ಮುಚ್ಚಿದ ಆಚಾರಿ

ಆಚಾರಿಯವರಿಗೆ ಬಲಗಡೆಯ ಹುಬ್ಬೇ ಇರಲಿಲ್ಲ. ಕುಲುಮೆಯ ಕಿಡಿ ತಾಗಿ ತಾಗಿ ಅದು ಬೆಳೆಯುವುದನ್ನೇ ಬಿಟ್ಟಿತ್ತು. ಹಂಗಾರಕಟ್ಟೆಯಲ್ಲಿ ದೋಣಿಗಳಿಗೆ ಮೊಳೆ, ಕೊಂಡಿ ಬಡಿದು ಕೊಡುತ್ತಿದ್ದವರು. ನಡುಹಗಲಲ್ಲೂ ಕಿಟಕಿಗೆ ಗೋಣಿ ಇಳಿಬಿಟ್ಟೇ ಕೆಲಸ. ಕೇಳಿದರೆ, "ಬಿಸಿಲಿಗೆ ಕಬ್ಬಿಣದ ಬಣ್ಣ ಕಾಂತಿಲ್ಲೆ" ಎನ್ನುತ್ತಿದ್ದರು. ಕಾದ ಕಬ್ಬಿಣದ ಹದವನ್ನು ಬಣ್ಣದಲ್ಲೇ ನೋಡುವ ಅವರಿಗೆ, ಬೆಳಕಿದ್ದರೆ ಆ ಬಣ್ಣ ಕಾಣುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹತ್ತಿದ್ದೇನೋ ಹೌದು, ಭೌತಶಾಸ್ತ್ರದಲ್ಲಿ ಫೇಲಾಗಿ ಕೂತಿದ್ದೆ. ಇನ್ನೊಮ್ಮೆ ಹಾಗಾದರೆ ಗೇರುಬೀಜದ ಫ್ಯಾಕ್ಟರಿಗೆ ಹೋಗು ಎಂದು ಮೀನು ಮಾರುವ ಅಮ್ಮ ಹೇಳಿಯಾಗಿತ್ತು. ಅವಳ ಕತ್ತಿ ಹರಿತ ಮಾಡಿಸಲು ಆಚಾರಿಯವರ ಕುಲುಮೆಗೆ ಹೋದಾಗಲೂ ಕೈಯಲ್ಲಿ ಪುಸ್ತಕ.

"ಎಂತ ಮಾರಾಯ್ತಿ, ಮೋರೆ ಹಾಳಾದ ಬೂತಾಯಿ ಮೀನಿನ ಹಾಂಗೆ ಇತ್ತಲೆ?"

"ಸೂರ್ಯನೊಳಗೆ ಹೈಡ್ರೋಜನ್ ಬೀಜ ಒಂದನ್ನೊಂದ್ ದೂಡ್ತೊ ಅಂಬ್ರ್. ಮತ್ತೆ ಸೇರಿ ಒಂದೇ ಆತೊ ಅಂಬ್ರ್. ದೂಡುವಂತದ್ದ್ ಸೇರೂದ್ ಹ್ಯಾಂಗೆ?"

ಅವರು ಎರಡು ತಣ್ಣನೆಯ ಕಬ್ಬಿಣದ ತುಂಡು ಒಂದರ ಮೇಲೊಂದು ಇಟ್ಟು ಬಡಿದರು. ಎರಡೂ ಒಂದೊಂದು ಮೂಲೆಗೆ ಹಾರಿದವು. ಹೆಕ್ಕಿ ಕುಲುಮೆಗೆ ಇಟ್ಟು ತಿದಿ ಒತ್ತಿದರು.

"ಕೆಂಪಾರ್ ಸಾಕಾತಿಲ್ಲೆ, ಬೆಳಿ ಆಯ್ಕ್. ಈಗ ಕಾಣ್!"

ಬೆಳ್ಳಗೆ ಕಾದ ತುಂಡುಗಳಿಗೆ ಎರಡೇ ಏಟು. ಬೆಸುಗೆಯ ಗೆರೆಯೂ ಕಾಣಲಿಲ್ಲ. ಉದುರಿದ ಕಬ್ಬಿಣದ ಸಿಪ್ಪೆ, ಹೊಪ್ಪಳೆ, ತೋರಿಸಿ, "ಸೇರೂವತ್ತಿಗೆ ಒಂಚೂರ್ ತೂಕ ಹೋತ್ತ್ ಹೆಣೆ" ಎಂದರು.

ಕಾಲೇಜಿನ ಸೆಮಿನಾರಿನಲ್ಲಿ ಅದನ್ನೇ ಹೇಳಿದೆ: ಸೂರ್ಯನಲ್ಲೂ ಹೀಗೇ, ಕಾವು ಸಾಕಷ್ಟಾದರೆ ದೂಡುವಂಥವೂ ಸೇರುತ್ತವೆ, ಸೇರುವಾಗ ಹೊಪ್ಪಳೆ ಉದುರಿದಂತೆ ಒಂದಿಷ್ಟು ತೂಕ ಹೋಗುತ್ತದೆ. ಮೇಷ್ಟ್ರು ಮೆಚ್ಚಿದರು, ಒಂದು ತಪ್ಪನ್ನೂ ತಿದ್ದಿದರು: ಕುಲುಮೆಯ ಹೊಪ್ಪಳೆಯನ್ನು ಗುಡಿಸಿ ಎತ್ತಬಹುದು, ಸೂರ್ಯನಲ್ಲಿ ಕಡಿಮೆಯಾದ ತೂಕ ಶಕ್ತಿಯೇ ಆಗಿ ಹೊರಡುತ್ತದೆ, ಅದೇ ನಮ್ಮ ಬಿಸಿಲು. ಆ ವರ್ಷ ಪಾಸಾದೆ. ಅಂಕಪಟ್ಟಿ ಹಿಡಿದು ಓಡಿದ್ದು ಮೊದಲು ಕುಲುಮೆಗೆ. ಮೇಷ್ಟ್ರ ಮಾತನ್ನೂ ಹೇಳಿದೆ.

"ಹಂಗಾರೆ ಅಲ್ಲಿ ಬೂದಿ ಎಂತ ಉಳಿತ್ತ್?"

"ಹೀಲಿಯಂ. ಬಲೂನಿಗೆ ತುಂಬ್ತ್ರಲೆ, ಅದೇ."

"ಅಷ್ಟ್ ದೊಡ್ಡ ಕುಲುಮಿ, ಬೂದಿ ಮಕ್ಕಳ ಬಲೂನಿಗಾ!" ಎಂದು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದದ್ದೇ: "ಹ್ವಾಯ್, ನಮ್ಮ ಹೆಣ್ಣ್ ಸೂರ್ಯನ ಕುಲುಮಿ ಕಲ್ತ್ಕಂಡ್ ಬಂದಿತ್ ಕಾಣಿ!"

ಅವರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ನಾನೀಗ ಬೈಂದೂರಿನ ಕಡೆ ಕನ್ನಡ ಶಾಲೆಯಲ್ಲಿ ವಿಜ್ಞಾನದ ಟೀಚರ್. ಸೂರ್ಯನ ಪಾಠದ ದಿನ ಕಿಟಕಿಗಳನ್ನೆಲ್ಲ ಮುಚ್ಚಿ, ಉರಿಯ ಮೇಲೆ ಕಬ್ಬಿಣದ ತಂತಿ ಹಿಡಿದು ಅದರ ಬಣ್ಣ ಬದಲಾಗುವುದನ್ನು ತೋರಿಸುತ್ತೇನೆ.

"ಕಿಟ್ಕಿ ಎಂತಕೆ ಹಾಕ್ದ್ರಿ ಟೀಚರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಪಾಠವೆಲ್ಲ ಪುಸ್ತಕದ ಕನ್ನಡದಲ್ಲೇ ಮಾಡುವವಳು ನಾನು. ಆ ಒಂದು ಉತ್ತರ ಮಾತ್ರ ಆಚಾರಿಯವರ ಬಾಯಿಂದ ಬಂದಂತೆಯೇ ಬರುತ್ತದೆ:

"ಬಿಸಿಲಿಗೆ ಬಣ್ಣ ಕಾಂತಿಲ್ಲೆ."