ಗಾದಿ ಇಮಾಮುದ್ದೀನನ ಮಗಳು ಬರೆದುಕೊಟ್ಟ ಔಷಧ

ಬೆಳಗಿನ ಆರೂವರೆ. ಸಂಶಿ ಊರಿನ ಕೋಳಿಗಳು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿವೆ, ಡಾಕ್ಟರ್ ಜಹೀರಾ ಅವರ ದವಾಖಾನೆಯ ಮುಂದೆ ಚಪ್ಪಲಿಗಳ ಸಾಲು ಆಗಲೇ ಬಸ್‌ಸ್ಟ್ಯಾಂಡ್ ಮುಟ್ಟಿದೆ. ಒಂದು ಕೋಣೆ, ಒಂದು ಬೆಂಚು, ದಿನಕ್ಕೆ ಎಂಬತ್ತು ಮಂದಿ. ಎಪ್ಪತ್ತೊಂಬತ್ತು ಮಂದಿ ಕೇಳುವುದು ಒಂದೇ: "ಬಾಯಾರ, ಒಂದ್ ಸೂಜಿ ಮಾಡಿಬಿಡ್ರಿ." ಎಂಬತ್ತನೆಯವನು ಎರಡು ಕೇಳುತ್ತಾನೆ.

"ನೆಗಡಿಗೆ ಸೂಜಿ ಯಾಕ್ರಿ ಕಾಕಾ? ಮನಿಗೆ ಹೋಗಿ ಮಲಗ್ರಿ" ಎನ್ನುತ್ತಾರೆ ಜಹೀರಾ.

ಅಪ್ಪ ಇಮಾಮುದ್ದೀನ್ ಮೂವತ್ತೈದು ವರ್ಷದ ಹಿಂದೆ ಉತ್ತರಪ್ರದೇಶದಿಂದ ಬಂದು, ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಅಣ್ಣಿಗೇರಿಯಲ್ಲಿ ರೈಲು ಇಳಿದವರು. ಅಂದಿನಿಂದ ಮೂರು ತಾಲ್ಲೂಕಿನಲ್ಲಿ ಅವರ ಗಾದಿಯಿಲ್ಲದೆ ಯಾರಿಗೂ ನಿದ್ದೆ ಹತ್ತಿಲ್ಲ. ಮಗಳು ಹತ್ತಿಯ ಗುಡ್ಡದ ಮೇಲೆ ಕೂತು ಓದಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟು ಗಿಟ್ಟಿಸಿದಳು. "ಹಿಂಜೋ ಸಪ್ಪಳದಾಗ ಓದಿದಾಕಿ ನಾನು. ಕಾಲೇಜ್ ಲೈಬ್ರರಿಯಾಗ ಗಪ್ಪ್ ಇರ್ತಿದ್ರು, ಒಂದಕ್ಷರ ತಲಿಗೆ ಹೋಗ್ತಿರಲಿಲ್ಲ!"

ಎರಡು ವರ್ಷದ ಹಿಂದೆ ದವಾಖಾನೆ ತೆರೆದಾಗ ನೊಣಗಳೂ ಬರಲಿಲ್ಲ. ಮೂರು ತಿಂಗಳು ನೋಡಿ ಬಾಗಿಲು ಮುಚ್ಚುವುದೆಂದು ಜಹೀರಾ ನಿಶ್ಚಯಿಸಿದ್ದರು. ಕೊನೆಯ ತಿಂಗಳಲ್ಲಿ ಊರ ಜಮೀನ್ದಾರ ಶಂಭುಲಿಂಗಪ್ಪ ಬಂದರು. ಎಂಟು ವರ್ಷದ ಕೆಮ್ಮು, ಹುಬ್ಬಳ್ಳಿಯ ಏಳು ಡಾಕ್ಟರು ಕೈಚೆಲ್ಲಿದ್ದು. ಆ ಕೆಮ್ಮು ಎದ್ದರೆ ಗದಗಿನ ಎಮ್ಮೆಗಳು ಹಗ್ಗ ಹರಿಯುತ್ತಿದ್ದವು.

ಹೊಲದಲ್ಲಿ ಕೆಮ್ಮಿಲ್ಲ, ಹಾಸಿಗೆಗೆ ಬಿದ್ದರೆ ಶುರು ಎಂದು ಕೇಳಿ ತಿಳಿದ ಜಹೀರಾ ನೇರ ಅವರ ಮನೆಗೇ ಹೋಗಿ ಗಾದಿಗೆ ಒಂದು ಏಟು ಹಾಕಿದರು. ಎದ್ದ ಧೂಳಿನಲ್ಲಿ ಶಂಭುಲಿಂಗಪ್ಪನವರ ಹೆಂಡತಿ ಸಾವಿತ್ರೆವ್ವ ಅರ್ಧ ತಾಸು ಕಾಣಲೇ ಇಲ್ಲ.

"ಇದು ಉಬ್ಬಸರಿ. ಈ ಪಂಪು ಸೇದ್ರಿ. ಗಾದಿ ಹೊರಗ ಒಗದು ಚಾಪಿ ಮ್ಯಾಲ ಮಲಗ್ರಿ."

ಶಂಭುಲಿಂಗಪ್ಪ ನಕ್ಕರು. "ತಿಳೀತು ಬಿಡ ತಂಗಿ. ನಿಮ್ಮಪ್ಪಗ ಗಿರಾಕಿ ಹುಡುಕಾಕ ಡಾಕ್ಟರಕಿ ಕಲ್ತೀಯೇನು?"

ಮಧ್ಯಾಹ್ನದೊಳಗೆ ಊರೆಲ್ಲ ಅದೇ ಮಾತು. ಕೆಮ್ಮು ನಿಲ್ಲದಿದ್ದರೆ ದವಾಖಾನೆಯ ಬೋರ್ಡು ಇಳಿದಂತೆಯೇ. ಇತ್ತ ಅಪ್ಪನಿಗೆ ಅದಕ್ಕಿಂತ ಸಿಟ್ಟು: "ಹದಿನೆಂಟು ವರ್ಷದ ಹಿಂದ ನಾನೇ ಹೊಲಿದ ಗಾದಿ ಅದು! ನನ್ನ ಮಾಲಿಗೆ ನನ್ನ ಬೇಟಿನೇ ಹೆಸರಿಡ್ತಾಳ?" ಎಂದವರು ಹದಿನೈದು ದಿನ ಮಗಳೊಂದಿಗೆ ಮಾತು ಬಿಟ್ಟರು.

ಸಾವಿತ್ರೆವ್ವ ಮಾತ್ರ ಗಾದಿಯನ್ನು ದರದರ ಎಳೆದು ಹಿತ್ತಲಿಗೆ ಹಾಕಿದರು, ಪಂಪನ್ನು ಗಂಡನ ಬಾಯಿಗಿಟ್ಟು ಕಾದರು. ಹದಿನಾರನೆಯ ಬೆಳಗು ಶಂಭುಲಿಂಗಪ್ಪ ಕಣ್ಣು ಬಿಟ್ಟರೆ ಮೂಗಿನ ಮುಂದೆ ಹೆಂಡತಿಯ ಕೈ.

"ಏನ್ ಮಾಡಾಕತ್ತೀ?"

"ರಾತ್ರಿಯೆಲ್ಲಾ ಒಂದ್ ಕೆಮ್ಮೂ ಇಲ್ಲಲ್ರಿ, ಉಸರ ಐತೋ ಇಲ್ಲೋ ಅಂತ ನೋಡಿದೆ."

ಅಂದು ಹತ್ತು ಗಂಟೆಗೆ ದವಾಖಾನೆಯ ಬೆಂಚು ಮುರಿಯಿತು, ಅಷ್ಟು ಜನ. ಅದೇ ವಾರ ಶಂಭುಲಿಂಗಪ್ಪ ಹೊಸ ಗಾದಿ ಹೊಲಿಸಲು ಅಣ್ಣಿಗೇರಿಗೆ ಹೋದರು. ಇಮಾಮುದ್ದೀನ್ ಬಟ್ಟೆ ಅಳೆಯುವ ಮೊದಲು ತಲೆಯೆತ್ತಿ ಕೇಳಿದರು:

"ಡಾಕ್ಟರ್ ಬಾಯಾರ ಚೀಟಿ ತಂದೀರೇನ್ರಿ? ಅವರು ಹೂಂ ಅನ್ನದ ನಾ ಗಾದಿ ಹೊಲಿಯಂಗಿಲ್ಲ."