ಅಕ್ಕಿ ಪೆಟ್ಟಿಗೆಯಲ್ಲಿ ಗುಡುಗಪ್ಪ

ಆ ಮಧ್ಯಾಹ್ನ ಚಾಮರಾಜಪುರಂನ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ಮೂವರು: ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನಮ್ಮ ಅಜ್ಜಿ, ಲಷ್ಕರ್ ಮೊಹಲ್ಲಾದಿಂದ ಸೈಕಲ್ ತುಳಿದು ಬಂದು ಬೆವರೊರೆಸಿಕೊಳ್ಳುತ್ತಿದ್ದ ಗೆಳೆಯ ಫ್ರಾನ್ಸಿಸ್, ಮತ್ತು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಒಂದೇ ಕಾರಣಕ್ಕೆ ಜಗತ್ತಿನ ಸಕಲ ಶಬ್ದಗಳ ಮೇಲೂ ತನಗೆ ಅಧಿಕಾರವುಂಟೆಂದು ನಂಬಿದ್ದ ನಾನು. ಮೂಲೆಯಲ್ಲಿ ಅಜ್ಜಿಯ ತವರಿನಿಂದ ಬಂದ ಹಲಸಿನ ಮರದ ಅಕ್ಕಿ ಪೆಟ್ಟಿಗೆಯೂ ಇತ್ತು. ಅದನ್ನೂ ಹಾಜರಿಗೆ ಸೇರಿಸಿಕೊಳ್ಳುವುದು ನ್ಯಾಯ, ಏಕೆಂದರೆ ಮುಂದೆ ನಡೆದ ಪ್ರಹಸನದಲ್ಲಿ ಅದರಷ್ಟು ಘನತೆಯಿಂದ ನಡೆದುಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮರದ ಪೆಟ್ಟಿಗೆಯನ್ನು ಕಂಡರೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುವುದು ಮನುಷ್ಯಸಹಜವಾದ ಚಾಪಲ್ಯ. ನೀವೂ ತಟ್ಟಿರುತ್ತೀರಿ. ತಟ್ಟಿ, ಏನೋ ಅರ್ಥವಾದಂತೆ ತಲೆಯಾಡಿಸಿ ಮುಂದೆ ಹೋಗಿರುತ್ತೀರಿ. ನಾನು ಮುಂದೆ ಹೋಗಲಿಲ್ಲ, ಅದೇ ತೊಂದರೆಯಾದದ್ದು. ತಟ್ಟಿದೆ, ಕಿವಿಯಿಟ್ಟೆ, ಕಣ್ಣು ಮುಚ್ಚಿದೆ, ಮತ್ತೆ ತಟ್ಟಿದೆ. ಅಜ್ಜಿ ಅವರೆಕಾಯಿಯಿಂದ ತಲೆಯೆತ್ತಿ ಫ್ರಾನ್ಸಿಸನನ್ನು ಕೇಳಿದರು: "ಯಾಕಪ್ಪ, ಇವನಿಗೆ ಮೈಗೆ ಹುಷಾರಿಲ್ವಾ?"

ಮೈಗೇನೂ ಆಗಿರಲಿಲ್ಲ. ನಮ್ಮಿಬ್ಬರಿಗೂ ಹಿಡಿದಿದ್ದ ಕಾಯಿಲೆ ಒಂದು ಕ್ಯಾಸೆಟ್ಟಿನದು. ಫ್ರಾನ್ಸಿಸನ ಚಿಕ್ಕಪ್ಪ ಜೋಜಪ್ಪನವರು ಹಡಗಿನಲ್ಲಿ ಅಡುಗೆಯವರು. ಹಿಂದೊಮ್ಮೆ ಊರಿಗೆ ಬಂದಾಗ ತಮ್ಮ ಎಲೆಕ್ಟ್ರಿಕ್ ಗಿಟಾರನ್ನು ಅಣ್ಣನ ಮನೆಯಲ್ಲಿ ಬಿಟ್ಟು, ಅದರ ಜೊತೆಗೆ, ಯಾವುದೋ ದೂರದ ಬಂದರಿನಲ್ಲಿ ತಾವು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ಒಬ್ಬ ಹಾರ್ಡ್ ರಾಕ್ ಗಿಟಾರ್ ವಾದಕನ ಕಛೇರಿಯ ಧ್ವನಿಮುದ್ರಿಕೆಯನ್ನೂ ಬಿಟ್ಟು ಹೋಗಿದ್ದರು. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಅಜ್ಜಿ ಒಮ್ಮೆ ಆ ಕ್ಯಾಸೆಟ್ ಕೇಳಿ, "ಇದ್ಯಾವ ಗುಡುಗಪ್ಪನೋ!" ಎಂದು ನಾಮಕರಣ ಮಾಡಿದ ಮೇಲೆ ನಮಗೂ ಅವನು ಗುಡುಗಪ್ಪನೇ ಆಗಿಹೋದ. ಗುಡುಗಪ್ಪನ ತಂತಿಯ ನಾದವಿದೆಯಲ್ಲ, ಅದು ಬರಿಯ ಗಟ್ಟಿ ಶಬ್ದವಲ್ಲ. ಅದರ ಅಂಚಿನಲ್ಲೊಂದು ಕರಕರ, ಒಂದು ಸಣ್ಣ ಸಿಡಿತ. "ಎದೆ ಮೇಲೆ ಮರಳು ಸುರಿದಂಗಿತ್ತು ಕಣ್ರೋ" ಎಂದು ಜೋಜಪ್ಪನವರು ವರ್ಣಿಸಿದ್ದರು. ಆ ಮರಳನ್ನು ಮೈಸೂರಿನಲ್ಲಿ ಹುಡುಕಿ ತರುವ ಭಗೀರಥಪ್ರಯತ್ನಕ್ಕೆ ನಾನು ಸ್ವಯಂಘೋಷಿತ ಮುಖ್ಯ ಅಭಿಯಂತರನಾದೆ.

ಮೊದಲ ಫಲವಾಗಿ, ಊರಿನ ಗಣಪತಿ ಪೆಂಡಾಲುಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ ನಿವೃತ್ತವಾಗಿದ್ದ ಒಂದು ವಾಲ್ವ್ ಆಂಪ್ಲಿಫೈಯರನ್ನು, ತಗಡಿನ ಡಬ್ಬದಲ್ಲಿ ಕೂತ ಅದರ ಸ್ಪೀಕರಿನ ಸಮೇತ, ಮೈಕ್ ಸೆಟ್ಟಿನ ಅಂಗಡಿಯಿಂದ ತಂದು, ರಿಪೇರಿಯೆಂಬ ಹೆಸರಿನಲ್ಲಿ ಅದಕ್ಕೆ ನಾನಾ ಹಿಂಸೆಗಳನ್ನು ಕೊಟ್ಟು, ಫ್ರಾನ್ಸಿಸನ ಮನೆಯಲ್ಲಿ ಉದ್ಘಾಟಿಸಿದೆ. ಗಿಟಾರಿನ ಮೊದಲ ಸ್ವರದ ಜೊತೆಗೆ ರೇಡಿಯೋದ ಕೃಷಿ ಕಾರ್ಯಕ್ರಮವೂ ಅದರಿಂದ ಹೊರಟಿತು. ಎರೆಗೊಬ್ಬರದ ಉಪಯೋಗಗಳನ್ನು ಒಬ್ಬರು ಗಂಭೀರವಾಗಿ ವಿವರಿಸುತ್ತಿದ್ದಂತೆ ಫ್ರಾನ್ಸಿಸ್ ಗಾಬರಿಯಿಂದ ತಂತಿಯನ್ನು ಇನ್ನಷ್ಟು ಜೋರಾಗಿ ಮೀಟಿದ. ಒಳಕೋಣೆಯ ಅಟ್ಟದ ಮೇಲಿದ್ದ ಹಿಟ್ಟಿನ ಡಬ್ಬ ಕೆಳಗೆ ಬಿತ್ತು. ಅಲ್ಲಿ ಚರ್ಚಿನ ಗಾನವೃಂದಕ್ಕೆ ಹಾಡು ಕಲಿಸುತ್ತಿದ್ದ ಅವನ ತಂದೆ ಚೌರಪ್ಪ ಮೇಷ್ಟ್ರು ಮೈಯೆಲ್ಲ ಹಿಟ್ಟಾಗಿ ಹೊರಗೆ ಬಂದರು.

ಮೇಷ್ಟ್ರು ಕೂಗಾಡುವವರಲ್ಲ. ಅವರು ಮೆತ್ತಗೆ ಮಾತಾಡಿದಾಗಲೇ ನಮಗೆ ಹೆಚ್ಚು ಭಯ. "ಇಷ್ಟು ದಿನ ಹಾಡ್ತಿದ್ದ ಗಿಟಾರು, ಈ ಮಹಾನುಭಾವ ಕೈ ಇಟ್ಟ ಮೇಲೆ ಕೆಮ್ತಾ ಇದೆ" ಎಂದು ನನ್ನತ್ತ ನೋಡಿ, ಮಗನಿಗೆ ತೀರ್ಪು ಕೊಟ್ಟರು: "ನಿಮ್ಮಕ್ಕನ ಮದ್ವೆ ದಿನ ಸಂಜೆ, ನಾಲ್ಕು ಜನರ ಮುಂದೆ, ಒಂದೇ ಒಂದು ಸಲ ಬಾರಿಸು. ಜನ ಕೂತು ಕೇಳಿದ್ರೆ ಸರಿ. ಎದ್ದು ಹೋದ್ರೋ, ಜೋಜ ಮದ್ವೆಗೆ ಬಂದು ವಾಪಸ್ ಹಡಗಿಗೆ ಹೋಗುವಾಗ ಗಿಟಾರೂ ಅವನ ಜೊತೆ ಹೋಗುತ್ತೆ. ಆಮೇಲೆ ಅಳಬಾರದು."

ಫ್ರಾನ್ಸಿಸ್ ಅಳುವ ಜಾತಿಯವನಲ್ಲ. ಆದರೆ ಆ ಗಿಟಾರಿಲ್ಲದ ಫ್ರಾನ್ಸಿಸನನ್ನು ನಾನು ಕಲ್ಪಿಸಿಕೊಳ್ಳಲಾರದವನಾಗಿದ್ದೆ. ಮಾತಿನಲ್ಲಿ ತೊದಲುತ್ತಿದ್ದ ಹುಡುಗ ಅವನು. ಬೆರಳು ತಂತಿಯ ಮೇಲೆ ಹೋದರೆ ಮಾತ್ರ ಒಂದು ವಾಕ್ಯವನ್ನು ಆದಿಯಿಂದ ಅಂತ್ಯದವರೆಗೆ ಸಲೀಸಾಗಿ ಹೇಳಿ ಮುಗಿಸುತ್ತಿದ್ದ. ಅವನ ನಾಲಗೆಯನ್ನೇ ಹಡಗು ಹತ್ತಿಸಿ ಕಳಿಸುವ ಅಪಾಯವನ್ನು ತಂದೊಡ್ಡಿದವನು ನಾನು. ಇನ್ನು ಅದನ್ನು ಉಳಿಸುವ ಹೊಣೆಯೂ ನನ್ನದೇ. ದೋಷವೆಲ್ಲ ಸ್ಪೀಕರ್ ಕೂತಿರುವ ತಗಡಿನ ಡಬ್ಬದಲ್ಲಿದೆ, ಗುಡುಗಪ್ಪನ ಸ್ಪೀಕರುಗಳು ದಪ್ಪ ಮರದ ದೊಡ್ಡ ಪೆಟ್ಟಿಗೆಯಲ್ಲಿರುತ್ತವೆ ಎಂದು ನಾನು ಸಂಶೋಧಿಸಿದ್ದರಿಂದಲೇ ಆ ಮಧ್ಯಾಹ್ನ ಅಜ್ಜಿಯ ಪೆಟ್ಟಿಗೆಯನ್ನು ತಟ್ಟುತ್ತ ನಿಂತದ್ದು.

ಪೆಟ್ಟಿಗೆಯನ್ನು ಕೇಳಿದಾಗ ಅಜ್ಜಿ ಯೋಚಿಸಿದರು. "ಹೆಂಗೂ ಈಗ ಅಕ್ಕಿಗೆ ಅಲ್ಯೂಮಿನಿಯಂ ಡಬ್ಬ ಬಂದಿದೆ. ತಗೊಂಡೋಗ್ರಪ್ಪ. ಮುಂದುಗಡೆ ಏನು ಬೇಕಾದ್ರೂ ಕೊಯ್ಕೊಳಿ, ಮುಚ್ಚಳ ಮಾತ್ರ ಮುಟ್ಬೇಡಿ. ಅದರ ಮೇಲೆ ವಿಭೂತಿ ಇಟ್ಟಿದೀನಿ."

ಅಜ್ಜಿಯೇ ಮುಚ್ಚಳ ತೆರೆದುಕೊಟ್ಟ ಮೇಲೆ ಪೆಟ್ಟಿಗೆಯನ್ನು ತಳದವರೆಗೂ ಗುಡಿಸಿ, ಒರೆಸಿ, ಬಿಸಿಲಿಗಿಟ್ಟೆವು. ಮುಂದಿನ ಹಲಗೆಯಲ್ಲಿ ಸ್ಪೀಕರಿಗೊಂದು ದುಂಡನೆಯ ಕಂಡಿ, ಅದರ ಕೆಳಗೆ ಗಾಳಿಯಾಡಲು ಅಡ್ಡಕ್ಕೊಂದು ಸೀಳು ಕೊಯ್ದೆವು. ಸ್ಪೀಕರನ್ನು ಹೊರಗಿನಿಂದಲೇ ತಿರುಪು ಹಾಕಿ ಕೂರಿಸಿದೆ. ಬಾರಿಸಿದಾಗ ಕೆಮ್ಮು ನಿಂತಿತ್ತು, ನಿಜ. ಆದರೆ ಬಾವಿಯೊಳಗಿನಿಂದ ಯಾರೋ ಸಭ್ಯರು ಸಹಾಯಕ್ಕಾಗಿ ಕರೆದಂತಿತ್ತು. ಮರಳೆಲ್ಲಿ? ಮರಳಿಲ್ಲ. ಕಾಗದದ ಹಾಳೆ ಅಂಟಿಸಿದೆ, ಸೀಳಿನಲ್ಲಿ ದಿಂಬಿನ ಹತ್ತಿ ತುರುಕಿ ತೆಗೆದೆ, ವಾಲ್ವ್ ಬದಲಾಯಿಸಿದೆ, ಕೊನೆಗೆ ಗುಡುಗಪ್ಪನ ಗೋಳಾರ್ಧದ ಹವೆ ಬೇರೆ, ನಮ್ಮದು ಬೇರೆ ಎಂಬ ಭೌಗೋಳಿಕ ಸಿದ್ಧಾಂತವನ್ನೂ ಮಂಡಿಸಿದೆ. ಫ್ರಾನ್ಸಿಸ್ ಎಲ್ಲವನ್ನೂ ಕೇಳಿಸಿಕೊಂಡು, "ರು-ರುದ್ರ, ಸಾಕು ಬುಡೋ. ಇದ್ದಂಗೇ ಬಾರಿಸ್ತೀನಿ" ಎಂದ. ಆ ದನಿ ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ.

ಮದುವೆಯ ದಿನ ಆಟೋದಲ್ಲಿ ಹಿಡಿಸದ ಪೆಟ್ಟಿಗೆ ಟಾಂಗಾ ಏರಿತು. ಎತ್ತುವಾಗ ಎಂದಿಗಿಂತ ಭಾರವೆನಿಸಿತು. ಪರೀಕ್ಷೆಗೆ ಹೋಗುವವನ ತೋಳಿನಲ್ಲಿ ಶಕ್ತಿ ಕುಂದುವುದು ಸ್ವಾಭಾವಿಕವೆಂದುಕೊಂಡೆ. ಸಂಜೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ವಧು ರೀಟಕ್ಕ, ವರ, ಮುಂದಿನ ಸಾಲಿನಲ್ಲಿ ಹಿರಿಯರು, ಅವರ ನಡುವೆ ಕೈಕಟ್ಟಿ ಕೂತ ಚೌರಪ್ಪ ಮೇಷ್ಟ್ರು. ಪಕ್ಕದಲ್ಲಿ, ಹಿಂದಿನ ವಾರವಷ್ಟೇ ರಜೆಯ ಮೇಲೆ ಬಂದಿಳಿದ ಜೋಜಪ್ಪನವರು. ಫ್ರಾನ್ಸಿಸ್ ಮೊದಲ ತಂತಿಯನ್ನು ಮೀಟಿದ.

ಏನೆಂದು ಹೇಳಲಿ! ಮರಳು ಬಂತು. ಅಂಚಿನಲ್ಲಿ ಅದೇ ಕರಕರ, ಅದೇ ಸಿಡಿತ. ಸ್ವರ ಏರಿದಂತೆ ಅದು ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟಿಸಿ, ಇಳಿದಂತೆ ನಿಟ್ಟುಸಿರಾಗಿ ಅಡಗಿತು. ಕಿವಿ ಮುಚ್ಚಲು ಮೇಲೆದ್ದಿದ್ದ ಹಿರಿಯರ ಕೈಗಳು ಅರ್ಧದಲ್ಲೇ ನಿಂತು ಮೆಲ್ಲಗೆ ತೊಡೆಯ ಮೇಲಿಳಿದವು. ಫ್ರಾನ್ಸಿಸನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಒಂದು ನಗು. ಅನಂತರ ಅವನು ನಮ್ಮನ್ನೆಲ್ಲ ಮರೆತ. ಯಾರೊಬ್ಬರೂ ಎದ್ದು ಹೋಗಲಿಲ್ಲ. ಬಿರಿಯಾನಿ ಇನ್ನೂ ಬಡಿಸಿರಲಿಲ್ಲವೆಂಬ ಅಂಶಕ್ಕೂ ಇದರಲ್ಲಿ ಪಾತ್ರವಿದ್ದಿರಬಹುದು, ಅಲ್ಲಗಳೆಯಲಾರೆ. ಆದರೆ ಮೇಷ್ಟ್ರ ಪಾದವೊಂದು, ಅವರ ಅನುಮತಿಯಿಲ್ಲದೆಯೇ, ನೆಲದ ಮೇಲೆ ತಾಳ ಹಾಕುತ್ತಿದ್ದುದನ್ನು ನಾನು ಕಂಡೆ.

ಮುಗಿದೊಡನೆ ಜೋಜಪ್ಪನವರು ಓಡಿಬಂದು ನನ್ನ ಭುಜ ಹಿಡಿದರು. "ಅದೇ ಕಣೋ! ಅವತ್ತು ಕೇಳಿದ್ದು ಇದೇ! ಎಂಗೋ ಮಾಡ್ದೆ?"

ಇಂಥ ಪ್ರಶ್ನೆಗಾಗಿಯೇ ನಾನು ಹುಟ್ಟಿದ್ದು. ವಾಲ್ವಿನ ಉಷ್ಣತೆ, ಹಲಸಿನ ಮರದ ಎಳೆಗಳ ವಿನ್ಯಾಸ, ನಾನು ಲೆಕ್ಕ ಹಾಕಿ ಕೊಯ್ದ ಸೀಳಿನ ಅನುಪಾತ, ಇವು ಮೂರರ ಸಂಯೋಗದಿಂದ ಉಂಟಾಗುವ ಅನುರಣನವಿಶೇಷವನ್ನು ಸುತ್ತ ನೆರೆದವರಿಗೆಲ್ಲ ನಾನು ವಿವರಿಸುತ್ತಿದ್ದಾಗ, ಊಟದ ಮೇಜಿಗೆ ಜಾಗ ಮಾಡಲು ಯಾರೋ ನಾಲ್ವರು ಪೆಟ್ಟಿಗೆಯನ್ನೆತ್ತಿ ಮುಂದಕ್ಕೆ ವಾಲಿಸಿದರು. ನನ್ನ ಅನುಪಾತಬದ್ಧವಾದ ಸೀಳಿನಿಂದ ಅರಿಶಿನ ಕಲಸಿದ ಅಕ್ಕಿ ಸರ್ರನೆ ಸುರಿದು ರೀಟಕ್ಕನ ಬಿಳಿ ಉಡುಪಿನ ಅಂಚಿನವರೆಗೂ ಹರಡಿತು.

ನನ್ನ ಬಾಯಿ 'ಅನುರಣನ'ದ ಆಕಾರದಲ್ಲೇ ತೆರೆದಿತ್ತು. ಜೋಜಪ್ಪನವರು ಅಕ್ಕಿಯನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, "ಇದ್ಯಾವ ವಾಲ್ವಪ್ಪ?" ಎಂದರು. ನಗೆಯ ಕಟ್ಟೆ ಒಡೆಯಿತು. ಅವರು ಬಗ್ಗಿ ಒಂದು ಹಿಡಿ ಬಾಚಿಕೊಂಡು ವಧೂವರರ ತಲೆಯ ಮೇಲೆ ಎರಚಿದರು. ನೋಡನೋಡುತ್ತ ಎಲ್ಲರೂ ಎರಚಿದರು. ಮೇಷ್ಟ್ರೊಬ್ಬರೇ ಒಂದು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡುತ್ತಿದ್ದರು.

ಮನೆಗೆ ಬಂದು ಅಜ್ಜಿಯನ್ನು ಕೇಳಿದರೆ, ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಕ್ಕಿ ಪೆಟ್ಟಿಗೆ ಕಣೋ ಅದು. ಬರೀ ಪೆಟ್ಟಿಗೇನ ಮದ್ವೆ ಮನೆಗೆ ಕಳ್ಸಕ್ಕಾಯ್ತದಾ? ನೀವು ಟಾಂಗಾ ಕರೆಯಕ್ಕೆ ಹೋಗಿದ್ರಲ್ಲ, ಆಗ ಒಂದು ಮೊರ ಅಕ್ಕಿಗೆ ಅರಿಶಿನ ಕಲಸಿ ಹಾಕ್ದೆ. ಯಾಕೆ, ಆ ಹೆಣ್ಣುಮಗಳಿಗೆ ಕೊಡ್ಲಿಲ್ವಾ?"

ಕೊಟ್ಟೆವು ಅಜ್ಜಿ, ಧಾರಾಳವಾಗಿಯೇ ಕೊಟ್ಟೆವು. ಪೆಟ್ಟಿಗೆಯ ತಳದಲ್ಲಿ ಕುಣಿದಾಡಿದ ಆ ಅಕ್ಕಿಯೇ ನಮ್ಮ ಮರಳು. ಅಂದಿನಿಂದ ನನಗೊಂದು ಅನುಮಾನ. ಗುಡುಗಪ್ಪನ ನಾದದ ರಹಸ್ಯವನ್ನು ಬಲ್ಲೆವೆಂದು ಪಂಡಿತರು ಈಗಲೂ ವಾಲ್ವುಗಳನ್ನೂ ಹಲಗೆಗಳನ್ನೂ ಎಣಿಸುತ್ತಿರುತ್ತಾರೆ. ಅವನ ಪೆಟ್ಟಿಗೆಯೊಳಗೂ ಅವನಿಗೇ ತಿಳಿಯದಂತೆ ಅವನ ಮನೆಯವರು ಏನನ್ನು ಹಾಕಿ ಕಳಿಸಿದ್ದರೋ, ಯಾರು ಕಂಡರು? ನಮ್ಮದೆಂದು ನಾವು ಬೀಗುವ ದನಿಯಲ್ಲಿ ನಮ್ಮ ಬೆನ್ನ ಹಿಂದೆ ಮುಚ್ಚಳ ತೆರೆದವರ ಪಾಲೆಷ್ಟು ಎಂಬುದನ್ನು ಅಳೆಯುವ ಸೂತ್ರ ಮಾತ್ರ ನನ್ನ ಭೌತಶಾಸ್ತ್ರದಲ್ಲಿ ಇರಲಿಲ್ಲ.

ರಜೆ ಮುಗಿದು ಜೋಜಪ್ಪನವರು ಹೊರಟ ಸಂಜೆ ನಾವೆಲ್ಲ ರೈಲು ನಿಲ್ದಾಣಕ್ಕೆ ಹೋಗಿದ್ದೆವು. ಗಿಟಾರಿನ ಕೇಸು ಮೇಷ್ಟ್ರ ಕೈಯಲ್ಲಿತ್ತು. ಅಕ್ಕಿಯ ನೆರವಿನಿಂದ ಗೆದ್ದದ್ದು ಲೆಕ್ಕಕ್ಕುಂಟೋ ಇಲ್ಲವೋ ಎಂಬ ತೀರ್ಪನ್ನು ಅವರು ಅದುವರೆಗೂ ಕೊಟ್ಟಿರಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ. ಜೋಜಪ್ಪನವರು ಹತ್ತಿ ಕಿಟಕಿಯ ಪಕ್ಕ ಕೂತು, ಕೇಸಿಗಾಗಿ ಬಾಗಿಲ ಕಡೆ ಬರಲೇ ಎಂಬಂತೆ ಅಣ್ಣನನ್ನು ನೋಡಿದರು. ಮೇಷ್ಟ್ರು ಜೇಬಿನಿಂದ ಕೇಕಿನ ಪೊಟ್ಟಣ ತೆಗೆದು ಕಿಟಕಿಯೊಳಗೆ ಕೊಟ್ಟು, "ಮುಂದಿನ ಸಲ ಬರುವಾಗ ಇದಕ್ಕೆ ತಂತಿ ತಗೊಂಡ್ಬಾ. ಇಲ್ಲಿ ಸಿಗೋದು ಬೇಗ ತುಕ್ಕು ಹಿಡಿಯುತ್ತೆ" ಎಂದರು. ರೈಲು ಹೊರಟಿತು.

ನಿಲ್ದಾಣದ ಹೊರಗೆ ಬಂದಾಗ ಫ್ರಾನ್ಸಿಸ್ ಕೈ ಚಾಚಿದ. "ಕೊ-ಕೊಡಪ್ಪ, ನಾನು ಹಿಡ್ಕೋತೀನಿ."

"ಇರ್ಲಿ ಬುಡು" ಎಂದು ಮೇಷ್ಟ್ರು ಲಷ್ಕರ್ ಮೊಹಲ್ಲಾದವರೆಗೂ ಅದನ್ನು ತಾವೇ ಹೊತ್ತು ನಡೆದರು.