‘ಲೀಫ್’ ಎಂದು ಬರೆದದ್ದಕ್ಕೆ

ಐಟಿ ಸರ್ವಿಸ್ ಡೆಸ್ಕಿನವರಿಗೆ ಆನ್‌ಲೈನ್ ಫೋರಂಗಳೇ ಆಸರೆ, ಅಲ್ಲಿ ಹೆಸರು ಹೇಳದೆ ಏನನ್ನು ಬೇಕಾದರೂ ಕೇಳಬಹುದು ಎಂದು ಈ ಕೆಲಸದವರೆಲ್ಲ ಹೇಳುತ್ತಾರೆ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಹೆಸರು ಹೇಳದಿದ್ದರೆ ಗುರುತು ಸಿಗುವುದಿಲ್ಲ ಎನ್ನುವುದಕ್ಕೆ ಪುರಾವೆ ಏನು? ನನ್ನ ಬಳಿ ಇರುವುದು ವಿರುದ್ಧದ ಪುರಾವೆ.

ಟೀ ಬೆಳೆಯುವ ಬೆಟ್ಟದೂರು ಕೋಟಗಿರಿಯ ಸಣ್ಣ ಕಂಪನಿಯೊಂದರಲ್ಲಿ ನನ್ನ ಕೆಲಸ. ಟೀ ಫ್ಯಾಕ್ಟರಿಗಳು ಬೆಳೆಗಾರರ ಹಸಿರೆಲೆ ತೂಗಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಅದು ನಿಂತರೆ ಫೋನ್ ಬರುವುದು ನನಗೆ. ಆ ವಾರ ಅದು ದಿನವೂ ಮಧ್ಯಾಹ್ನ ನಿಲ್ಲುತ್ತಿತ್ತು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಕಂಪನಿಯ ವಿಷಯ ಹೊರಗೆ ಹೇಳಿದರೆ ಅವತ್ತೇ ಮನೆಗೆ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಇನ್ನೊಮ್ಮೆ ಸಿಸ್ಟಂ ನಿಂತರೂ ಮನೆಗೇ ಎಂದು ಈಗ ಸೇರಿಸಿದರು.

ಕಟ್ಟಬೆಟ್ಟಿನ ಫ್ಯಾಕ್ಟರಿಯಲ್ಲಿ ಎಲೆ ಹಾಕಲು ಸಾಲಿನಲ್ಲಿ ನಿಂತು ಬಂದ ಅಪ್ಪ ಬೇರೆ: “ನಿನ್ನ ಮಿಷಿನು ನಿದ್ದೆ ಹೋತು, ಮೂಟೆಲಿ ಎನ್ನ ಲೀಫು ಬೆಂದು ಹೋತು. ಮಾತಾಡಿ ಮಾತಾಡಿ ಕಪ್ ಗೆದ್ದವಳಲ್ವಾ ನೀ? ಅದರ ಹತ್ರಾನೂ ಒಸಿ ಮಾತಾಡು!”

ಫೋರಂ ಹುಡುಕತೊಡಗಿದೆ. ಒಂದರಲ್ಲಿ ಬರೀ ಸರ್ಟಿಫಿಕೇಟ್ ಕೋರ್ಸ್ ಮಾರುವವರು. ಇನ್ನೊಂದರಲ್ಲಿ ‘ಇನ್ಸಿಡೆಂಟ್’ ಬೇರೆ, ‘ಪ್ರಾಬ್ಲಂ’ ಬೇರೆ ಎಂಬ ಮುಗಿಯದ ಜಗಳ. ಜಗಳ ನನಗಿಷ್ಟ, ಆದರೆ ಕೆಲಸ ಹೋಗುವ ಹೊತ್ತಿನಲ್ಲಿ ಅಲ್ಲ. ಕೊನೆಗೆ ಸಿಕ್ಕಿದ ಫೋರಂನಲ್ಲಿ ಜನ ತಮ್ಮ ಎಡವಟ್ಟುಗಳನ್ನೇ ಬರೆದುಕೊಂಡಿದ್ದರು, ಉತ್ತರಕ್ಕೆ ಮೊದಲು ತಿರುಗಿ ಪ್ರಶ್ನೆ ಹಾಕುತ್ತಿದ್ದರು. ಇವರನ್ನು ನಂಬಬಹುದು ಅನ್ನಿಸಿತು. ಹೆಸರು, ಊರು, ಕಂಪನಿ ಎಲ್ಲ ತೆಗೆದು ಇಂಗ್ಲಿಷಿನಲ್ಲಿ ಬರೆದೆ: ಲೀಫ್ ಬರುವ ಹೊತ್ತಿಗೆ ಸರಿಯಾಗಿ ಸಿಸ್ಟಂ ನಿಲ್ಲುತ್ತದೆ, ಏಕೆ?

ಕಿತ್ತ ಟೀ ಎಲೆಗೆ ನಮ್ಮ ಬೆಟ್ಟದಲ್ಲಿ ಎಲ್ಲರೂ ಲೀಫ್ ಎಂದೇ ಅನ್ನುವುದು. ನೆಟ್‌ವರ್ಕಿನವರಿಗೆ ಲೀಫ್ ಎಂದರೆ ಕಂಪ್ಯೂಟರುಗಳನ್ನು ಬೆಸೆಯುವ ಒಂದು ಬಗೆಯ ಸ್ವಿಚ್. ಅದು ನನಗೆ ಹೊಳೆಯಲೇ ಇಲ್ಲ. ಎಲ್ಲೆಲ್ಲಿಯವರೋ ಸ್ವಿಚ್ ಯಾವ ಮಾಡೆಲ್, ಕೇಬಲ್ ನೋಡಿದೆಯಾ ಎಂದು ಕೇಳಿದರು. ಒಬ್ಬರು ಮಾತ್ರ, ಆ ಹೊತ್ತಿಗೇ ಡೇಟಾ ನಕಲು ಮಾಡುವ ಬ್ಯಾಕಪ್ ಓಡಿ ಸಿಸ್ಟಂಗೆ ಹೊರೆಯಾಗುತ್ತಿದೆಯಾ ನೋಡು, ಓಡುತ್ತಿದ್ದರೆ ಸಮಯ ಬದಲಿಸು ಎಂದರು. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಬೆಟ್ಟದ ಮಾತು: “ಲೀಫ್ ಬಂದಾತಾ, ಅಮ್ಮಾ?”

ನಾನು ಹುಡುಗಿ ಎಂದು ಎಲ್ಲಿಯೂ ಬರೆದಿರಲಿಲ್ಲ.

ಪೋಸ್ಟ್ ಅಳಿಸಿದೆ. ಅಳಿಸಿದರೆ ಓದಿದವರ ತಲೆಯಿಂದ ಹೋಗುತ್ತದೆಯೇ? ಬ್ಯಾಕಪ್ ನೋಡಿದೆ, ಅದೇ ಹೊತ್ತು. ಸಮಯ ಬದಲಿಸಲು ಮ್ಯಾನೇಜರರ ಒಪ್ಪಿಗೆ ಬೇಕು. ಪ್ರತಿಯೊಂದಕ್ಕೂ “ಹೇಗೆ ಕಂಡುಹಿಡಿದೆ?” ಎನ್ನುವ ಮನುಷ್ಯ ಅಂದು ಒಂದೂ ಪ್ರಶ್ನೆ ಕೇಳಲಿಲ್ಲ. “ಆತು, ಮಾಡು” ಎಂದರು ಅಷ್ಟೇ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಸಿಸ್ಟಂ ನಿಲ್ಲಲಿಲ್ಲ. ಫೋನ್ ಸದ್ದಿಲ್ಲದೆ ಬಿದ್ದಿತ್ತು. ಮ್ಯಾನೇಜರ್ ನನ್ನ ಮೇಜಿನ ಪಕ್ಕ ಬಂದು ನಿಂತರು.

“ಲೀಫ್ ಬಂದಾತಾ, ಅಮ್ಮಾ?”

ಇದು ಪುರಾವೆಯಲ್ಲ; ಬೆಟ್ಟದಲ್ಲಿ ಅರ್ಧ ಜನ ಹೀಗೇ ಕೇಳುತ್ತಾರೆ. ನಾನು ಬಾಯಿಬಿಟ್ಟರೆ ತಪ್ಪೊಪ್ಪಿಕೊಂಡಂತೆ. ಬಿಡದಿದ್ದರೆ ನಾಳೆಯೂ ಇದೇ ಅನುಮಾನ. ಅವರು ಆಗಲೇ ತಿರುಗಿ ಬಾಗಿಲ ಕಡೆ ಹೊರಟಿದ್ದರು.

“ಸಾರ್, ನೀವು… ಫೋರಂಗಳಲ್ಲಿ ಬರೀತೀರಾ?”